ಹಾಡಿನ ಹಮ್ಮು

"ಇನ್ನು ಹದಿನೈದೇ ದಿನ! ಈ ಮನೆಯಿಂದ ಒಂದು ಹಾಡು ಹೊರಡುತ್ತೆ! ಕೇಳಿದವರು ಕೂತಲ್ಲೇ ಕಣ್ಣು ಮುಚ್ಚಬೇಕು, ಹಾಗಿರುತ್ತೆ!"

ಊಟದ ಮೇಜಿನ ಮುಂದೆ ಸೌಟು ಎತ್ತಿ ಹಿಡಿದು ನಾನು ಹೀಗೆ ಘೋಷಿಸಿದಾಗ ಸಭೆಯಲ್ಲಿ ಮೂವರಿದ್ದರು: ಗಂಡ, ಅತ್ತೆ ಮತ್ತು ಒಂಬತ್ತು ತಿಂಗಳ ಮಗಳು.

"ಕಣ್ಣು ಮುಚ್ಚೋದು ಅಂದ್ರೆ, ಶಾಶ್ವತವಾಗಾ?" ಎಂದರು ಗಂಡ.

ಅತ್ತೆ ನಕ್ಕರೂ ನಗದಂತೆ ಇದ್ದರು. ಮಗಳು ಚಪ್ಪಾಳೆ ತಟ್ಟಿದಳು. ಅವಳು ಚಪ್ಪಾಳೆ ಕಲಿತದ್ದು ಆ ವಾರವಷ್ಟೇ. ಬಾಗಿಲು ಹಾಕಿದರೂ ತಟ್ಟುತ್ತಿದ್ದಳು, ಯಾರಾದರೂ ಸೀನಿದರೂ ತಟ್ಟುತ್ತಿದ್ದಳು. ನಾನು ಮಾತ್ರ ಅದನ್ನು ಜನಾಭಿಪ್ರಾಯ ಎಂದೇ ಬಗೆದೆ.

ವಿಷಯ ಇಷ್ಟು. ನನ್ನ ಹೆರಿಗೆ ರಜೆ ಮುಗಿಯುತ್ತಾ ಬಂದಿತ್ತು. ಪಠ್ಯಪುಸ್ತಕ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ನಾನು ಕರಡು ತಿದ್ದುವವಳು. ತಪ್ಪು ಕಂಡರೆ ಕೈ ತುರಿಸುತ್ತದೆ. ಮದುವೆಯ ಕರೆಯೋಲೆ ಕೊಡಲು ಬಂದವರ ಎದುರಿಗೇ ಅದನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸು ಕೊಟ್ಟ ಖ್ಯಾತಿ ನನ್ನದು. ಹದಿನೈದು ದಿನ ಕಳೆದು ಬರುವ ಸೋಮವಾರ ಕೆಲಸಕ್ಕೆ ಹಾಜರಾಗದಿದ್ದರೆ ಕುರ್ಚಿ ಇನ್ನೊಬ್ಬರದಾಗುತ್ತದೆ ಎಂದು ಮ್ಯಾನೇಜರು ನಯವಾಗಿಯೇ ತಿಳಿಸಿದ್ದರು. ಮಗುವನ್ನು ಎರಡು ಬೀದಿ ಆಚೆಯ ಶಿಶುವಿಹಾರದಲ್ಲಿ ಬಿಡುವುದೆಂದು ತೀರ್ಮಾನವಾಗಿತ್ತು. ಅತ್ತೆಗೆ ಅವರದೇ ಮನೆ, ಅವರದೇ ಮಂಡಿನೋವಿನ ಡಾಕ್ಟರು ಇದ್ದರು. ಒಂಬತ್ತು ತಿಂಗಳು ನಮಗಾಗಿ ನಿಂತವರು ಅದರ ಹಿಂದಿನ ದಿನ, ಭಾನುವಾರ, ಹೊರಡುವವರಿದ್ದರು.

ಶಿಶುವಿಹಾರದ ಮೇಡಂ ಮಾತ್ರ ಒಂದು ಷರತ್ತು ಹಾಕಿದರು.

"ಒಂದರಿಂದ ಮೂರರವರೆಗೆ ಇಲ್ಲಿ ನಿದ್ದೆ. ಹನ್ನೊಂದು ಮಕ್ಕಳು ಮಲಗ್ತವೆ. ಹನ್ನೆರಡನೇದು ಅತ್ತರೆ ಹನ್ನೆರಡೂ ಏಳ್ತವೆ. ಅದಕ್ಕೇ ಮೂರು ದಿನ ನೋಡ್ತೀವಿ. ಒಂದು ದಿನವಾದ್ರೂ ಮಲಗಿದ್ರೆ ಜಾಗ ನಿಮ್ಮದು. ಇಲ್ಲಾಂದ್ರೆ ಹಿಂದೆ ಏಳು ಜನ ಕಾಯ್ತಿದ್ದಾರೆ."

"ನನ್ನ ಹಾಡಿಲ್ಲದೆ ಇವಳು ಮಲಗೋದೇ ಇಲ್ಲ ಮೇಡಂ!" ಎಂದೆ. ನನ್ನ ದನಿಯಲ್ಲಿ ಆತಂಕ ಕಾಲು ಭಾಗ, ಹೆಮ್ಮೆ ಮುಕ್ಕಾಲು ಭಾಗ.

"ಹಾಗಿದ್ರೆ ಹಾಡನ್ನ ರೆಕಾರ್ಡ್ ಮಾಡಿ ಕಳಿಸಿ. ನಾವು ಹಾಕ್ತೀವಿ."

ಹೆಮ್ಮೆಗೆ ಕಾರಣವಿತ್ತು. ಹಾಡು ನಾನೇ ಕಟ್ಟಿದ್ದು. "ಮಲಗು ನನ್ನ ಮೊಲದ ಮರಿ, ಮೋಡದ ಮೇಲೆ ಹಾಸಿಗೆ ಹಾಸುವೆ" ಎಂದು ಶುರುಮಾಡಿದರೆ ಎರಡನೇ ಸಾಲಿಗೆ ರೆಪ್ಪೆ ಭಾರ, ನಾಲ್ಕನೇ ಸಾಲಿಗೆ ಗೊರಕೆ! ಗಂಡ ತೊಟ್ಟಿಲು ತೂಗಿದರೆ ಅವರೇ ನಿದ್ದೆಹೋಗುತ್ತಾರೆ, ಮಗು ಎದ್ದು ಕೂತು ಅವರನ್ನು ನೋಡುತ್ತದೆ. ನನ್ನ ಹಾಡು ಹಾಗಲ್ಲ, ರಾಮಬಾಣ. ಬಸ್ಸಿನಲ್ಲೊಮ್ಮೆ, ಆಸ್ಪತ್ರೆಯಲ್ಲೊಮ್ಮೆ ಗುರಿ ತಪ್ಪಿದ್ದುಂಟು. ಅದಕ್ಕೆ ಬಸ್ಸಿನ ಕುಲುಕಾಟ ಮತ್ತು ಆಸ್ಪತ್ರೆಯ ಔಷಧದ ವಾಸನೆ ಕಾರಣ, ಬಾಣದ ದೋಷ ಖಂಡಿತ ಅಲ್ಲ.

"ಫೋನ್‌ನಲ್ಲಿ ರೆಕಾರ್ಡ್ ಮಾಡಿ ಕಳಿಸಿಬಿಡು, ಸಾಕು," ಎಂದರು ಗಂಡ.

"ಸಾಕಾ? ತಿದ್ದದೇ ಇರೋ ಕರಡನ್ನ ನಾನು ಹೊರಗೆ ಕಳಿಸ್ತೀನಾ? ಮಿಕ್ಸಿಂಗ್ ಆಗಬೇಕು, ಮಾಸ್ಟರಿಂಗ್ ಆಗಬೇಕು!"

ಹೀಗೆ ಲ್ಯಾಪ್‌ಟಾಪಿಗೆ ಸಂಗೀತದ ಸಾಫ್ಟ್‌ವೇರ್ ಇಳಿಯಿತು. ಇಂಟರ್‌ನೆಟ್ಟಿನಲ್ಲಿ ಗಡ್ಡ ಬಿಟ್ಟ, ಟೋಪಿ ತೆಗೆಯದ ಒಬ್ಬ ಗುರುವೂ ಸಿಕ್ಕ. ಮೊದಲ ಪಾಠದಲ್ಲೇ ಹೇಳಿದ: "ಮಿಕ್ಸಿಂಗ್ ಅಂದರೆ ದನಿಗಳನ್ನು ಜಗಳವಾಡದಂತೆ ಅಕ್ಕಪಕ್ಕ ಕೂರಿಸುವುದು. ಮಾಸ್ಟರಿಂಗ್ ಅಂದರೆ ಕೂತವರಿಗೆಲ್ಲ ಇಸ್ತ್ರಿ ಬಟ್ಟೆ ತೊಡಿಸಿ ಊರಿಗೆ ಕಳಿಸುವುದು."

ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ಅತ್ತೆ ಕೇಳಿದರು. "ಮಿಕ್ಸಿಂಗ್ ಅಂದ್ರೆ ಬೆರೆಸೋದಲ್ವೇನಮ್ಮ? ಹಾಡೋದು ನೀನೊಬ್ಬಳೇ. ಯಾವುದರ ಜೊತೆ ಬೆರೆಸ್ತೀಯ?"

ನಾನು ನಕ್ಕೆ. ಮೂವತ್ತು ವರ್ಷ ಒಂದನೇ ತರಗತಿಗೆ ಪಾಠ ಹೇಳಿದವರು, ಪಾಪ, ತಂತ್ರಜ್ಞಾನ ಅವರಿಗೇನು ಗೊತ್ತು ಎಂದು ನಕ್ಕೆ. ಆ ನಗುವನ್ನು ಜ್ಞಾಪಕದಲ್ಲಿ ಇಟ್ಟುಕೊಳ್ಳಿ. ಅದು ಬಡ್ಡಿ ಸಮೇತ ನನಗೇ ವಾಪಸು ಬಂತು.

ಒಂದು ವಾರದಲ್ಲಿ ನಾನು ಪಂಡಿತೆಯಾದೆ. ಈಕ್ಯೂ ಎಂದರೆ ದನಿಯ ಹೊಟ್ಟೆ ಕರಗಿಸಿ ಮೂಗು ಚೂಪು ಮಾಡುವ ಸಾಧನ. ಹೆರಿಗೆಯಾದ ಮೇಲೆ ನನಗೇ ಒಂದು ಬೇಕಿತ್ತು. ಕಂಪ್ರೆಸರ್ ಎಂದರೆ ಕೂಗುವವರ ತಲೆಗೊಂದು ಮೊಟಕಿ, ಗೊಣಗುವವರನ್ನು ಎತ್ತಿ ಹಿಡಿಯುವ ಯಂತ್ರ, ಮನೆಗೊಂದು ಇರಲೇಬೇಕು. ರಿವರ್ಬ್ ಎಂದರೆ ಬಚ್ಚಲಮನೆಯಲ್ಲಿ ಹಾಡಿದ ವೈಭವ, ಬಚ್ಚಲು ತೊಳೆಯುವ ಕಷ್ಟವಿಲ್ಲದೆ!

ಮಧ್ಯಾಹ್ನ ಮಗುವನ್ನು ಮಲಗಿಸುವಾಗಲೇ ರೆಕಾರ್ಡಿಂಗ್. ಕೋಣೆಯ ಬಾಗಿಲು ಹಾಕಿ, ಕಿಟಕಿಗೆ ಕಂಬಳಿ ಕಟ್ಟಿ, ಫ್ಯಾನ್ ಆರಿಸಿ, ಬೆವರಿಳಿಸುತ್ತಾ ಹಾಡಿದೆ. ಮಗಳು ನಾಲ್ಕನೇ ಸಾಲಿಗೆ ಮಲಗಿದಳು. ರಾಮಬಾಣ!

ಇನ್ನು ತೀರ್ಪುಗಾರರು ಬೇಕು. ನನ್ನ ಗಂಡನದು ಕನ್ನಡಕದ ಅಂಗಡಿ. "ಇದು ಸ್ಪಷ್ಟವೋ? ಇದೋ?" ಎಂದು ದಿನವಿಡೀ ಜನರ ಕಣ್ಣಿಗೆ ಗಾಜು ಬದಲಿಸಿ ಕೇಳುವವರು. ಮಧ್ಯಾಹ್ನ ಊಟಕ್ಕೆ ಬಂದಾಗ ಅವರನ್ನೇ ಕುರ್ಚಿಯಲ್ಲಿ ಕೂರಿಸಿ ಹೆಡ್‌ಫೋನ್ ತೊಡಿಸಿದೆ.

"ಇದು ಚೆನ್ನಾಗಿದೆಯಾ? ಇದಾ?"

"ಮೊದಲನೇದು... ಊಂಹೂಂ, ಇನ್ನೊಂದ್ಸಲ ಹಾಕು... ಎರಡೂ ಒಂದೇ ಥರ ಇದೆಯಲ್ಲೇ?"

"ಎರಡೂ ಒಂದೇ ರೀ! ನಿಮ್ಮ ಕಿವಿ ಪರೀಕ್ಷೆ ಮಾಡ್ದೆ. ಪಾಸು!"

"ಪಾಸಾದವನ ಮಾತು ಕೇಳು ಹಾಗಾದ್ರೆ. ನಿನ್ನ ಹಾಡಿನ ತುಂಬಾ ಹಮ್ ಇದೆ."

"ಏನಂದ್ರಿ?"

"ಹಮ್ ಅಂದೆ. ಮೊದಲಿಂದ ಕೊನೇವರೆಗೂ ಬರೀ ಹಮ್."

"ನನಗೆ ಹಮ್ಮಾ? ಒಂಬತ್ತು ತಿಂಗಳಿಂದ ನೆಟ್ಟಗೆ ತಲೆ ಬಾಚಿಕೊಳ್ಳದವಳಿಗೆ ಹಮ್ಮಾ? ಹಮ್ಮು ಯಾರಿಗಿದೆ ಅಂತ ನಿಮ್ಮ ಅಕ್ಕನ ಮನೆಗೆ ಹೋಗಿ ನೋಡಿ!"

"ಅಯ್ಯೋ ಮಹಾರಾಯ್ತಿ, ಹಮ್ಮು ಅಲ್ಲ, ಹಮ್! ಮ್‌ಮ್‌ಮ್ ಅಂತ ಹಿಂದೆ ಒಂದು ಸದ್ದು! ಟ್ರಾನ್ಸ್‌ಫಾರ್ಮರ್ ಕೆಳಗೆ ನಿಂತ ಹಾಗೆ!"

ಅತ್ತೆ ಆಗತಾನೇ ಮಡಚಿದ್ದ ಟವೆಲನ್ನು ಬಿಚ್ಚಿ ಮತ್ತೊಮ್ಮೆ ಮಡಚಿದರು. ಅಕ್ಕ ಎಂದರೆ ಅವರ ಮಗಳು ತಾನೇ!

ಹೆಡ್‌ಫೋನ್ ಕಸಿದುಕೊಂಡು ಕೇಳಿದೆ. ಹೌದು! ನನ್ನ ದನಿಯ ಕೆಳಗೆ, ನೆಲಮಾಳಿಗೆಯಲ್ಲಿ ಬಾಡಿಗೆಗಿದ್ದವರಂತೆ, ಒಂದು ಸಣ್ಣ "ಮ್‌ಮ್‌ಮ್". ಎಡೆಬಿಡದೆ, ಒಂದೇ ಎತ್ತರದಲ್ಲಿ! ಅಚ್ಚಾದ ಪುಸ್ತಕದ ಪ್ರತಿ ಪುಟದಲ್ಲೂ ಒಂದೇ ಕಾಗುಣಿತದ ತಪ್ಪು ಕಂಡಂತೆ ನನ್ನ ಮೈ ಉರಿಯಿತು.

ಗುರು ಅಭಯ ಕೊಟ್ಟ: "ಹಮ್ಮಿಗೆ ಮೂಲ ಕರೆಂಟು. ಮನೆಯ ಮೋಟಾರುಗಳನ್ನು ಹುಡುಕಿ."

ಮೊದಲ ಆರೋಪಿ ಫ್ರಿಜ್. ರಿಪೇರಿಯವರನ್ನು ಕರೆಸಿದೆ. ಅವರು ಫ್ರಿಜ್ಜಿನ ಬೆನ್ನಿಗೆ ಕಿವಿಯಿಟ್ಟು ಡಾಕ್ಟರರಂತೆ ಕೇಳಿದರು.

"ಇದಕ್ಕೇನೂ ಆಗಿಲ್ಲ ಮೇಡಂ. ನಿಮಗಿಂತ ಆರೋಗ್ಯವಾಗಿದೆ."

"ನಾನು ಹಾಡುವಾಗ ಸದ್ದು ಬರುತ್ತೆ."

"ಹಾಗಾದ್ರೆ ಹಾಡಿ, ನೋಡೋಣ."

ಫ್ರಿಜ್ಜಿನ ಮುಂದೆ ನಿಂತು ಜೋಗುಳ ಹಾಡಿದೆ. ಈ ಅಪರೂಪದ ದೃಶ್ಯ ನೋಡಲು ಅತ್ತೆಯೂ ಅಡುಗೆಮನೆ ಬಾಗಿಲಿಗೆ ಬಂದು ನಿಂತರು. ಅವತ್ತು ಏನೋ, "ಮೋಡದ ಮೇಲೆ" ಎನ್ನುವಲ್ಲಿ ದನಿ ಸ್ವಲ್ಪ ಜಾರಿತು. ಆದರೆ ಹಮ್ ಮಾತ್ರ ಬರಲಿಲ್ಲ.

"ಮೇಡಂ, ತಪ್ಪು ತಿಳೀಬೇಡಿ," ಎಂದು ರಿಪೇರಿಯವರು ಚೀಲ ಹೆಗಲಿಗೇರಿಸಿದರು. "ನೀವು ಹಾಡಿದಾಗ ಮಾತ್ರ ತೊಂದರೆ ಬರುತ್ತೆ ಅಂದ್ರೆ, ರಿಪೇರಿ ಆಗಬೇಕಾಗಿರೋದು ಫ್ರಿಜ್ ಅಲ್ಲ."

ಅವರ ಮೇಲಿನ ಸಿಟ್ಟಿಗೆ ಫ್ರಿಜ್ಜಿನ ಪ್ಲಗ್ ಕಿತ್ತು, ಕೋಣೆ ಸೇರಿ, ಬಾಗಿಲು ಹಾಕಿ, ಮಗುವನ್ನು ಮಲಗಿಸುತ್ತಾ ಮತ್ತೆ ರೆಕಾರ್ಡ್ ಮಾಡಿದೆ. ಕೇಳಿದೆ. ಮ್‌ಮ್‌ಮ್! ಪ್ಲಗ್ ಮತ್ತೆ ಹಾಕುವುದನ್ನು ಮರೆತೆ. ಸಂಜೆ ಹೊತ್ತಿಗೆ ಫ್ರಿಜ್ಜಿನ ಹಿಮಯುಗ ಕರಗಿ ಅಡುಗೆಮನೆ ಕೆರೆಯಾಗಿತ್ತು. ನೀರು ಕುಡಿಯಲು ಹೋದ ಗಂಡ ಒಂದು ಕಾಲಿನ ಮೇಲೆ ನಿಂತು, ಎರಡೂ ಕೈ ಚಾಚಿ, ಒಂದು ಕ್ಷಣ ನಾಟ್ಯಭಂಗಿ ಹಿಡಿದು, ಆಮೇಲೆ ಕೂತರು. ಕೂತಲ್ಲಿಂದ ಏಳಲು ಇಬ್ಬರು ಬೇಕಾಯಿತು.

"ಹಮ್ ಹೋಯ್ತಾ?" ಎಂದು ಕೇಳಿದರು, ಸೊಂಟ ಹಿಡಿದುಕೊಂಡೇ.

"ಇಲ್ಲ ರೀ."

"ನನ್ನ ಸೊಂಟ ಹೋಯ್ತು."

ಎರಡನೇ ಆರೋಪಿ ಲಿಫ್ಟ್. ಮೂರನೇ ಆರೋಪಿ ನೀರಿನ ಪಂಪು. ಒಬ್ಬೊಬ್ಬರನ್ನೇ ವಿಚಾರಿಸಲು ವ್ಯವಧಾನವೆಲ್ಲಿ? ಮಾರನೇ ಮಧ್ಯಾಹ್ನ ಕಟ್ಟಡದ ಕಾವಲುಗಾರರ ಬಳಿ ಹೋಗಿ, "ಹತ್ತೇ ನಿಮಿಷ ಮೇನ್ ಸ್ವಿಚ್ ಇಳಿಸಿ. ಒಂದು ಮಗುವಿನ ಭವಿಷ್ಯದ ಪ್ರಶ್ನೆ!" ಎಂದೆ. ಎಲ್ಲೋ ಮಗುವಿಗೆ ಶಾಕ್ ಹೊಡೆಯಿತೆಂದು ಗಾಬರಿಬಿದ್ದು ಅವರು ಇಳಿಸಿಯೇಬಿಟ್ಟರು. ನಾಲ್ಕು ಮಹಡಿ ಒಮ್ಮೆಲೇ ತಣ್ಣಗಾಯಿತು. ಕೆಳಗಿನ ದಂತವೈದ್ಯರ ಡ್ರಿಲ್ ನಿಂತಿತು. ಬಾಯಿ ತೆರೆದಿದ್ದ ರೋಗಿ ತೆರೆದೇ ಇದ್ದರಂತೆ. ಆ ಮಹಾಮೌನದಲ್ಲಿ, ಬ್ಯಾಟರಿಯಲ್ಲಿ ಓಡುವ ಲ್ಯಾಪ್‌ಟಾಪಿನ ಮುಂದೆ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಹಾಡಿದೆ. ಮಗು ಮಲಗಿತು. ಹೆಡ್‌ಫೋನ್ ಹಾಕಿಕೊಂಡೆ.

ಮ್‌ಮ್‌ಮ್‌ಮ್!

ಇಡೀ ಕಟ್ಟಡ ಸತ್ತಿತ್ತು. ಹಮ್ ಮಾತ್ರ ಬದುಕಿತ್ತು!

ಹತ್ತು ನಿಮಿಷದ ಮೇಲೆ ದಂತವೈದ್ಯರು ಮೆಟ್ಟಿಲು ಹತ್ತಿ ಬಂದರು. "ನೀವು ಹಾಡಿದ್ದು ಕೆಳಗೆ ಸ್ಪಷ್ಟವಾಗಿ ಕೇಳಿಸ್ತು ಮೇಡಂ. ಪೇಶೆಂಟು ಹಲ್ಲು ಬೇಡ ಅಂತ ಎದ್ದು ಹೋದ್ರು."

ಇನ್ನು ಉಳಿದದ್ದು ಬ್ರಹ್ಮಾಸ್ತ್ರ. ಸಾಫ್ಟ್‌ವೇರಿನಲ್ಲಿ ಸದ್ದು ಗುಡಿಸುವ ಒಂದು ಸೌಲಭ್ಯವಿದೆ. ಬರೀ ಕಸ ಇರುವ ಒಂದು ತುಣುಕನ್ನು ಅದಕ್ಕೆ ಮಾದರಿಯಾಗಿ ತೋರಿಸಬೇಕು. "ಇಂಥದ್ದನ್ನೆಲ್ಲ ಗುಡಿಸು" ಎಂದರೆ ಹಾಡಿನುದ್ದಕ್ಕೂ ಹುಡುಕಿ ಗುಡಿಸುತ್ತದೆ. ಒಂದನೇ ಪದ್ಯ ಮುಗಿಸಿ ನಾನು ಉಸಿರು ಎಳೆದುಕೊಂಡ ಜಾಗದಲ್ಲಿ ನಾಲ್ಕು ಸೆಕೆಂಡು ಶುದ್ಧ ಹಮ್ ಇತ್ತು. ತೋರಿಸಿದೆ. ಒತ್ತಿದೆ. ಹಮ್ ಮಾಯ!

ಆಹಾ! ಅದೇನು ಸ್ವಚ್ಛತೆ! ತೊಳೆದ ಗಾಜಿನ ಲೋಟದಂಥ ದನಿ! ಅದರ ಮೇಲೆ ಈಕ್ಯೂ, ಕಂಪ್ರೆಸರ್, ಹದವಾಗಿ ರಿವರ್ಬ್, ಕೊನೆಗೆ ಮಾಸ್ಟರಿಂಗ್. ಜೀವನದಲ್ಲಿ ಮೊದಲ ಬಾರಿಗೆ, ಯಾರೋ ಮಾಡಿದ ತಪ್ಪು ತಿದ್ದುವುದನ್ನು ಬಿಟ್ಟು, ನಾನೇ ಒಂದು ವಸ್ತುವನ್ನು ಮಾಡಿ ಮುಗಿಸಿದ್ದೆ. ಕನ್ನಡಿಯ ಮುಂದೆ ನಿಂತು ನನಗೆ ನಾನೇ ಕೈಮುಗಿದೆ.

ಅತ್ತೆಗೂ ಕೇಳಿಸಿದೆ. ಅವರು ಹೆಡ್‌ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೊನೆಯವರೆಗೂ ಕೇಳಿದರು.

"ಶುಭ್ರವಾಗಿದೆಯಮ್ಮ. ಆದ್ರೆ ಏನೋ ಒಂಟಿ ಒಂಟಿ ಅನಿಸುತ್ತೆ."

"ಅದಕ್ಕೆ ಸೋಲೋ ಅಂತಾರೆ ಅತ್ತೆ!"

"ಮತ್ತೆ ಆ ಎರಡನೇ ಸಾಲು, ಮೋಡದ್ದು..." ಎಂದು ಏನೋ ಹೇಳಹೊರಟವರು ನನ್ನ ಮುಖ ನೋಡಿ ಟವೆಲಿನ ಕಡೆ ತಿರುಗಿದರು.

ಬುಧವಾರ ಶಿಶುವಿಹಾರದಲ್ಲಿ ಮೊದಲ ಪರೀಕ್ಷೆ. ಒಂದು ಗಂಟೆ ಐದು ನಿಮಿಷಕ್ಕೆ ಫೋನ್ ಬಂತು. ಹಿಂದಿನಿಂದ ಹನ್ನೆರಡು ಕಂಠಗಳ ಸಾಮೂಹಿಕ ಆಕ್ರಂದನ.

"ಮೇಡಂ, ಇದು ಜೋಗುಳವೋ ಸೈರನ್ನೋ?"

ಮಾಸ್ಟರಿಂಗ್‌ನಲ್ಲಿ ಸ್ವಲ್ಪ ಗಟ್ಟಿಯಾಗಿದೆ, ಅಷ್ಟೇ ಎಂದುಕೊಂಡೆ. ಮಲಗಿಸುವ ಹಾಡಿಗೆ ಮೆರವಣಿಗೆಯ ಬಟ್ಟೆ ತೊಡಿಸಿದ್ದೆ. ಸದ್ದು ಇಳಿಸಿದೆ, ಮೆತ್ತಗೆ ಮಾಡಿದೆ. ಗುರುವಾರ ಮತ್ತೆ ಕಳಿಸಿದೆ. ಈ ಸಲ ಫೋನ್ ಒಂದೂಕಾಲಿಗೆ ಬಂತು.

"ಉಳಿದವು ಮಲಗಿವೆ. ನಿಮ್ಮದು ಅಳ್ತಾ ಇಲ್ಲ, ಆದ್ರೆ ಮಲಗ್ತಾನೂ ಇಲ್ಲ. ಹಾಡು ಹಾಕಿದ ತಕ್ಷಣ ಗೋಡೆ ಕಡೆ ತಿರುಗಿ ನೋಡುತ್ತೆ. ಅಲ್ಲೇನೋ ಕಳೆದುಹೋದ ಹಾಗೆ. ನಾಳೆ ಕೊನೇ ದಿನ ಮೇಡಂ, ನಾಳೆಯೂ ಹೀಗೇ ಕೂತರೆ ಆಮೇಲೆ ನಮ್ಮನ್ನ ಅನ್ನಬೇಡಿ."

ಮಗುವನ್ನು ಕರೆತರುವಾಗ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಕುದಿಯುತ್ತಿದ್ದದ್ದು ಒಂದೇ: ನಾಳೆ ಇವಳು ಮಲಗದಿದ್ದರೆ ಜಾಗ ಹೋಯಿತು, ಜಾಗ ಹೋದರೆ ಕುರ್ಚಿ ಹೋಯಿತು. ಅದಕ್ಕಿಂತ ಹೆಚ್ಚಾಗಿ, ನನ್ನ ಹಾಡು ಹೋಯಿತು! ಅಮ್ಮನ ದನಿಗೆ ಮಗು ಮುಖ ತಿರುಗಿಸುವುದೇ? ಮನೆಗೆ ಬಂದವಳೇ ಲ್ಯಾಪ್‌ಟಾಪಿನ ಮುಂದೆ ಕೂತು ಅತ್ತುಬಿಟ್ಟೆ. ಅತ್ತೆ ಪ್ರಯಾಣಕ್ಕೆ ಬೇಕಾದ್ದೇನೋ ತರಲು ಅಂಗಡಿಗೆ ಹೋಗಿದ್ದರು. ಊಟಕ್ಕೆ ಬಂದಿದ್ದ ಗಂಡ ನಿದ್ದೆಗೆಟ್ಟು ರಚ್ಚೆ ಹಿಡಿದ ಮಗಳನ್ನು ಎತ್ತಿಕೊಂಡು ಪಕ್ಕದಲ್ಲಿ ನಿಂತರು.

"ಗುಡಿಸೋವಾಗ ಕಸದ ಜೊತೆ ನಿನ್ನ ದನೀನೂ ಹೋಗಿದೆಯೇನೋ ನೋಡು. ನಮ್ಮಲ್ಲೂ ಗಾಜು ಜಾಸ್ತಿ ಉಜ್ಜಿದ್ರೆ ನಂಬರೇ ಬದಲಾಗುತ್ತೆ."

ಅದನ್ನು ನೋಡಲು ಒಂದು ಬಟನ್ ಇತ್ತು: ಗುಡಿಸಿದ್ದನ್ನು ಮಾತ್ರ ಕೇಳಿಸುವ ಬಟನ್. ಕಸದ ಬುಟ್ಟಿಯ ಮುಚ್ಚಳ ತೆಗೆದಂತೆ. ಸ್ಪೀಕರ್ ಹಾಕಿ ಒತ್ತಿದೆ.

ಮ್‌ಮ್‌ಮ್‌ಮ್...

ನನ್ನ ದನಿಯಿಲ್ಲ. ಬರೀ ಹಮ್. ಗಂಡನ ಹೆಗಲ ಮೇಲೆ ರಚ್ಚೆ ನಿಂತಿತು. ಮಗು ಆಕಳಿಸಿತು! ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಸ್ಪೀಕರಿನಲ್ಲಿ ಕೇಳಿದರೆ ಹಮ್ ಒಂದು ನಮೂನೆ ಬೆಚ್ಚಗಿತ್ತು. ನಡುವೆ ಉಸಿರು ತೆಗೆದುಕೊಳ್ಳುತ್ತಿತ್ತು. ಫ್ರಿಜ್ ಎಲ್ಲಾದರೂ ಉಸಿರಾಡುತ್ತದೆಯೇ? ಎರಡನೇ ಸಾಲು ಬರುವ ಜಾಗಕ್ಕೆ ಸರಿಯಾಗಿ ಹಮ್ ನಿಂತು, ಸಣ್ಣಗೆ, ಪಿಸುಮಾತಿನಲ್ಲಿ ಹೇಳಿತು:

"ಮೇಲಕ್ಕೆ... ಮೇಲಕ್ಕೆ... ಇನ್ನೂ ಸ್ವಲ್ಪ ಏರಮ್ಮ... ಹ್ಞಾಂ, ಬಂತು!"

ಮತ್ತೆ ಮ್‌ಮ್‌ಮ್.

"ಅಮ್ಮ!" ಎಂದರು ಗಂಡ. ಮಗು ಅವರ ಹೆಗಲ ಮೇಲೆ ಗೊರಕೆ ಹೊಡೆಯುತ್ತಿತ್ತು.

ಅಷ್ಟರಲ್ಲಿ ಅಂಗಡಿ ಚೀಲ ಹಿಡಿದು ಅತ್ತೆ ಬಾಗಿಲಲ್ಲಿ ನಿಂತಿದ್ದರು. ತಮ್ಮ ದನಿ ತಾವೇ ಕೇಳಿ, ಕದ್ದು ಸಿಕ್ಕಿಬಿದ್ದವರಂತೆ ಸೆರಗು ಸರಿಮಾಡಿಕೊಂಡರು.

"ಅತ್ತೆ, ಇದು ನೀವಾ?"

"ನೀವು ಹಮ್ ಹಮ್ ಅಂತ ಹುಡುಕ್ತಾ ಇದ್ದದ್ದು ಇದನ್ನೇನೇ? ನಾನು ಕರೆಂಟಿನ ವಿಷಯ ಅಂದ್ಕೊಂಡಿದ್ದೆ!"

"ನಾನು ಬಾಗಿಲು ಹಾಕಿಕೊಂಡು ಹಾಡುವಾಗ ಗೋಡೆಯಾಚೆ ಕೂತು ಏನು ಮಾಡ್ತಿದ್ರಿ?"

"ಬಟ್ಟೆ ಮಡಚ್ತಿದ್ದೆ. ಹಾಗೇ ಸ್ವಲ್ಪ ಶ್ರುತಿ ಹಿಡೀತಿದ್ದೆ. ಬೇಜಾರು ಮಾಡ್ಕೋಬೇಡಮ್ಮ. ಹಾಡು ನೀನು ಚೆನ್ನಾಗೇ ಕಟ್ಟಿದ್ದೀಯ. ಆದ್ರೆ ಮೋಡ ಅನ್ನೋದು ಮೇಲಿರುತ್ತಲ್ವಾ? ನೀನು ಪ್ರತಿ ಸಲ ಅದನ್ನ ನೆಲಕ್ಕೆ ಇಳಿಸ್ತೀಯ. ಮಗು ಬೆಚ್ಚಿ ಕಣ್ಣು ಬಿಡುತ್ತೆ. ನಾನು ಈ ಕಡೆಯಿಂದ ಶ್ರುತಿ ಕೊಟ್ಟರೆ ನೀನು ನಿನಗೇ ಗೊತ್ತಿಲ್ಲದ ಹಾಗೆ ಸರಿಯಾಗಿ ಹತ್ತಿಬಿಡ್ತೀಯ."

"ಎಷ್ಟು ದಿನದಿಂದ?"

"ಹೆಚ್ಚಿಲ್ಲ. ಒಂಬತ್ತು ತಿಂಗಳಾಯ್ತು."

ಬಸ್ಸೂ ಆಸ್ಪತ್ರೆಯೂ ನೆನಪಾದವು. ಅಲ್ಲಿ ಗೋಡೆಯಾಚೆ ಅತ್ತೆ ಇರಲಿಲ್ಲ! ಹೇಳಬಾರದಿತ್ತೇ ಎಂದು ಕೇಳಿದೆ.

"ಏನಂತ ಹೇಳ್ಲಿ? ಒಂದನೇ ತರಗತೀಲಿ ಎಂಬತ್ತು ಮಕ್ಕಳನ್ನ ಸಾಲಾಗಿ ನಿಲ್ಲಿಸಿ ಹಾಡಿಸ್ತಿದ್ದೆ. ನೀನು ತಪ್ಪು ಹಾಡ್ತೀಯ ಅಂತ ಯಾವ ಮಗೂಗೂ ಹೇಳಿದವಳಲ್ಲ. ಹೇಳಿದ್ರೆ ಬಾಯಿ ಮುಚ್ಚಿಬಿಡ್ತವೆ. ಹಿಂದೆ ನಿಂತು ಮ್‌ಮ್ ಅಂದ್ರೆ ತಾವೇ ದಾರಿಗೆ ಬರ್ತವೆ." ಚೀಲ ಕೆಳಗಿಟ್ಟು ಸೇರಿಸಿದರು, "ನೀನು ಎಂಬತ್ತೊಂದನೆಯವಳು."

ಕರಡಿನಲ್ಲಿ ಒಂದು ಚುಕ್ಕಿಯನ್ನೂ ಬಿಡದೆ ತಿದ್ದುವವಳು ನಾನು. ಒಂಬತ್ತು ತಿಂಗಳಿಂದ ನನ್ನನ್ನೇ ಒಬ್ಬರು ಗುರುತೇ ಮೂಡದ ಹಾಗೆ ತಿದ್ದುತ್ತಿದ್ದರು. ಕೆಂಪು ಪೆನ್ನಿಲ್ಲದೆ!

ಅವತ್ತು ಮಧ್ಯಾಹ್ನವೇ ನಿಜವಾದ ಮಿಕ್ಸಿಂಗ್ ಶುರುವಾಯಿತು. ಹೊಸದಾಗಿ ಹಾಡೋಣವೆಂದು ಅತ್ತೆಯನ್ನು ಮೈಕಿನ ಮುಂದೆ ಕೂರಿಸಿದೆ. ಅವರು ಕನ್ನಡಕ ಹಾಕಿ, ಗಂಟಲು ಸರಿಪಡಿಸಿ, ಹೆಡ್‌ಮಾಸ್ಟರರು ತಪಾಸಣೆಗೆ ಬಂದಂತೆ ನೆಟ್ಟಗೆ ಕೂತರು. ದನಿ ಹೊರಡಲೇ ಇಲ್ಲ. ಮಡಚಲು ಬಟ್ಟೆ ಕೊಟ್ಟು ನೋಡಿದೆ. ಊಂಹೂಂ. "ಗೋಡೆ ಬೇಕಮ್ಮ," ಎಂದರು. ಕೊನೆಗೆ ಹಳೆಯ ಕಸದ ಬುಟ್ಟಿಯಿಂದಲೇ ಅವರ ದನಿಯನ್ನು ಎತ್ತಿ ಒಂದು ಸಾಲಿನಲ್ಲಿಟ್ಟೆ, ನನ್ನ ದನಿಯನ್ನು ಇನ್ನೊಂದು ಸಾಲಿನಲ್ಲಿಟ್ಟೆ, ಜಗಳವಾಡದಂತೆ ಅಕ್ಕಪಕ್ಕ ಕೂರಿಸಿದೆ. ಗಂಡ ಹೆಡ್‌ಫೋನ್ ಹಾಕಿ, ಕಣ್ಣು ಮುಚ್ಚಿ, "ಇದು... ಊಂಹೂಂ, ಹಿಂದಿನದು... ಹ್ಞಾಂ, ಇದು!" ಎಂದು ನಂಬರು ಕೊಟ್ಟರು. "ಮೇಲಕ್ಕೆ, ಮೇಲಕ್ಕೆ" ಎನ್ನುವ ಪಿಸುಮಾತನ್ನು ತೆಗೆಯಲು ಕೈ ಹೋಯಿತು. ತೆಗೆಯಲಿಲ್ಲ.

ಶುಕ್ರವಾರ ಒಂದು ಗಂಟೆ. ಫೋನ್ ಬರಲಿಲ್ಲ. ಒಂದೂಕಾಲು. ಬರಲಿಲ್ಲ. ಒಂದೂವರೆಗೆ ನಾನೇ ಮಾಡಿದೆ, ಯಾರೂ ಎತ್ತಲಿಲ್ಲ. ನನ್ನ ತಲೆ ಕೇಳಬೇಕೇ? ಬೆಂಕಿ, ಭೂಕಂಪ, ಅಪಹರಣ ಎಲ್ಲವೂ ಎರಡು ನಿಮಿಷದಲ್ಲಿ ಮುಗಿದವು. ಚಪ್ಪಲಿ ಅದಲುಬದಲು ಹಾಕಿಕೊಂಡು ಎರಡು ಬೀದಿ ಓಡಿದೆ.

ಶಿಶುವಿಹಾರದ ಬಾಗಿಲು ತಳ್ಳಿ ನೋಡಿದರೆ, ಹನ್ನೆರಡು ಹಾಸಿಗೆ, ಹನ್ನೆರಡು ಮಕ್ಕಳು, ಹನ್ನೆರಡೂ ನಿದ್ದೆ! ನನ್ನವಳು ಗೋಡೆಯ ಕಡೆ ಮುಖ ಮಾಡಿ, ಬಾಯಿ ತೆರೆದು ಮಲಗಿದ್ದಳು. ಆಯಾ ಬಾಗಿಲಿಗೊರಗಿ ನಿದ್ದೆ. ಮೇಡಂ ಕುರ್ಚಿಯಲ್ಲಿ, ಫೋನ್ ಕೈಯಲ್ಲಿ ಹಿಡಿದುಕೊಂಡೇ ನಿದ್ದೆ. ಮೂಲೆಯ ಸ್ಪೀಕರಿನಿಂದ ನಾವಿಬ್ಬರೂ, ಅತ್ತೆ ಸೊಸೆ, ಹಾಡುತ್ತಲೇ ಇದ್ದೆವು. ಕೂತಲ್ಲೇ ಕಣ್ಣು ಮುಚ್ಚುತ್ತಾರೆ ಎಂದು ಸೌಟು ಹಿಡಿದು ಹೇಳಿರಲಿಲ್ಲವೇ ನಾನು? ನನ್ನ ಎದೆ ಎಷ್ಟು ಉಬ್ಬಿತೆಂದರೆ ಆ ಬಾಗಿಲಲ್ಲಿ ವಾಪಸು ಹೊರಬರುವುದು ಹೇಗೆಂದು ಚಿಂತೆಯಾಯಿತು.

ಮೇಡಂ ಎಚ್ಚೆತ್ತು, ಬಾಯಿಯ ಅಂಚು ಒರೆಸಿಕೊಂಡು, ಪಿಸುಮಾತಿನಲ್ಲಿ ಹೇಳಿದರು: "ಜಾಗ ನಿಮ್ಮದು ಮೇಡಂ. ಸೋಮವಾರದಿಂದ ಬಿಡಿ. ಹಾಡು ಮಾತ್ರ ದಿನಾ ಬೇಕು, ಎಲ್ಲಾ ಮಕ್ಕಳಿಗೂ. ಇದನ್ನ ಮಾಡಿದವರು ಯಾರು?"

"ಮಿಕ್ಸಿಂಗ್, ಮಾಸ್ಟರಿಂಗ್ ಎಲ್ಲಾ ನಾನೇ!" ಎಂದೆ, ಪಿಸುಮಾತಿನಲ್ಲಿ ಎಷ್ಟು ಗಟ್ಟಿಯಾಗಿ ಹೇಳಬಹುದೋ ಅಷ್ಟು ಗಟ್ಟಿಯಾ‌ಗಿ.

"ಅದ್ಭುತ! ಒಂದೇ ಒಂದು ಸಣ್ಣ ವಿನಂತಿ. ಹಿಂದೆ ಮ್‌ಮ್ ಅಂತಾರಲ್ಲ, ಅವರ ದನಿ ಬಹಳ ಹಿತವಾಗಿದೆ. ಅವರ ಮುಂದೆ ಒಬ್ಬರು ಹಾಡ್ತಾ ಇದ್ದಾರಲ್ಲ, ಅವರನ್ನ ಸ್ವಲ್ಪ ತೆಗೆಯೋಕಾಗುತ್ತಾ?"

ಅದಲುಬದಲಾಗಿದ್ದ ಚಪ್ಪಲಿಯನ್ನು ಸರಿಯಾಗಿ ಹಾಕಿಕೊಂಡೆ. ಆಮೇಲೆ ಕಲಿತ ವಿದ್ಯೆಯ ಘನತೆಗೆ ತಕ್ಕಂತೆ ತಲೆಯೆತ್ತಿ ಹೇಳಿದೆ:

"ಧಾರಾಳವಾಗಿ. ಅದಕ್ಕೊಂದು ಬಟನ್ನೇ ಇದೆ ಮೇಡಂ, ಎಲ್ಲಿದೆ ಅಂತ ನನಗಿಂತ ಚೆನ್ನಾಗಿ ಈ ಊರಲ್ಲಿ ಯಾರಿಗೂ ಗೊತ್ತಿಲ್ಲ!"